ಕಾಣೆಯಾಗುತ್ತಿದ್ದ ಚಂದ್ರನನ್ನು ಕಾದವರು – ಖಗೋಳ ವಿಜ್ಞಾನಿ ಕ್ಯಾಸಿನಿ



ಈ ಸಲದ ನಮ್ಮ ಗೋಡೆ ಪತ್ರಿಕೆಯ ‘ಮಹನೀಯರ ಪರಿಚಯ’ ಅಂಕಣದಲ್ಲಿ ಜೊವಾನ್ನಿ ಡೊಮೆನಿಕೊ ಕ್ಯಾಸಿನಿ ಅವರ ಜೀವನ ಚರಿತ್ರೆ ಬರೆದಿದ್ದೇನೆ. ಕ್ಯಾಸಿನಿ ಅಂದ ಕೂಡಲೇ ಕೆಲವರಿಗೆ ಶನಿಗ್ರಹಕ್ಕೆ ಹೋದ ಬಾಹ್ಯಾಕಾಶ ನೌಕೆ ನೆನಪಾಗುತ್ತದೆ. ಆ ನೌಕೆಗೆ ಆ ಹೆಸರು ಬಂದದ್ದೇ ಇವರಿಂದ. ಹೆಸರು ಇಟ್ಟದ್ದು ಬರೀ ಗೌರವಕ್ಕಲ್ಲ. ಈ ಮನುಷ್ಯರು ಒಂದು ಪ್ರಶ್ನೆಯನ್ನು ಬಿಟ್ಟು ಹೋಗಿದ್ದರು. ಅದಕ್ಕೆ ಪೂರ್ತಿ ಉತ್ತರ ತಂದದ್ದು ಮುನ್ನೂರು ವರ್ಷ ಕಳೆದ ಮೇಲೆ ಅದೇ ಹೆಸರಿನ ನೌಕೆ.

ಶನಿ ಅಂದರೆ ನಮ್ಮ ಕಡೆ ಹೆದರುವವರೇ ಜಾಸ್ತಿ. ಸಾಡೇಸಾತಿ ಅಂತ ಎಳ್ಳೆಣ್ಣೆ ದೀಪ ಹಚ್ಚುತ್ತಾರೆ. ಕ್ಯಾಸಿನಿ ಅವರು ಮಾತ್ರ ಹೆಚ್ಚು ಕಡಿಮೆ ಅರ್ಧ ಆಯುಷ್ಯ ಶನಿಯನ್ನು ನೋಡುತ್ತಲೇ ಕಳೆದರು. ಶನಿಯ ಸುತ್ತ ನಾಲ್ಕು ಚಂದ್ರರನ್ನು ಕಂಡುಹಿಡಿದರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕ್ಯಾಸಿನಿ ಅವರು 1625ನೇ ಇಸವಿ ಜೂನ್ 8ರಂದು ಪೆರಿನಾಲ್ಡೊ ಎಂಬ ಊರಿನಲ್ಲಿ ಜನಿಸಿದರು. ಇದು ಗುಡ್ಡದ ಮೇಲಿನ ಒಂದು ಸಣ್ಣ ಹಳ್ಳಿ, ಈಗ ಇಟಲಿ ದೇಶದಲ್ಲಿದೆ. ಅವರು ಬೆಳೆದದ್ದು ಸೋದರಮಾವನ ಆಶ್ರಯದಲ್ಲಿ. ಮುಂದೆ ಜಿನೋವಾ ನಗರದಲ್ಲಿ ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿದರು. ಗಣಿತ, ಕಾವ್ಯ, ಜ್ಯೋತಿಷ್ಯ ಮೂರೂ ಅವರಿಗೆ ಇಷ್ಟ.

ಹೌದು, ಜ್ಯೋತಿಷ್ಯ! ಹುಡುಗ ಕ್ಯಾಸಿನಿ ಜ್ಯೋತಿಷ್ಯದ ಪುಸ್ತಕಗಳನ್ನು ಬಹಳ ಓದಿದರು. ಆದರೆ ಓದುತ್ತಾ ಓದುತ್ತಾ ಅದರಲ್ಲಿ ಸತ್ಯವಿಲ್ಲ ಅಂತ ಅವರಿಗೇ ಅನ್ನಿಸಿತು. ತಮಾಷೆ ಏನೆಂದರೆ, ಅವರಿಗೆ ಮೊದಲ ಕೆಲಸ ಸಿಕ್ಕಿದ್ದು ಇದೇ ಜ್ಯೋತಿಷ್ಯದಿಂದ. ಬೊಲೋನ್ಯಾ ನಗರದ ಹತ್ತಿರ ಮಾಲ್ವಾಸಿಯಾ ಎಂಬ ಶ್ರೀಮಂತ ಇದ್ದ. ಅವನಿಗೆ ಜ್ಯೋತಿಷ್ಯದ ಹುಚ್ಚು, ತನ್ನದೇ ಒಂದು ವೀಕ್ಷಣಾಲಯ ಕಟ್ಟಿಸಿಕೊಂಡಿದ್ದ. 1648ರಲ್ಲಿ ಅವನು ಕ್ಯಾಸಿನಿ ಅವರನ್ನು ಕರೆಸಿಕೊಂಡ. ಅಲ್ಲಿ ಒಳ್ಳೆಯ ಉಪಕರಣಗಳಿದ್ದವು, ಕ್ಯಾಸಿನಿ ಅವರು ಅವುಗಳಿಂದ ಆಕಾಶ ಅಳೆಯುವುದನ್ನು ಕಲಿತರು. ಎರಡೇ ವರ್ಷದಲ್ಲಿ, ಅಂದರೆ 1650ರಲ್ಲಿ, ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕರಾದರು. ಆಗ ಅವರ ವಯಸ್ಸು 25.

ಚರ್ಚಿನ ನೆಲದ ಮೇಲೆ ಸೂರ್ಯ

ಬೊಲೋನ್ಯಾದಲ್ಲಿ ಸಾನ್ ಪೆಟ್ರೋನಿಯೊ ಎಂಬ ದೊಡ್ಡ ಚರ್ಚು ಇದೆ. ಅದರ ನೆಲದ ಮೇಲೆ ಹಿಂದೆ ಒಂದು ಗೆರೆ ಇತ್ತು. ಒಂದು ತೂತಿನಿಂದ ಬಿಸಿಲು ಬಿದ್ದು, ನಡುಹಗಲಿಗೆ ಆ ಗೆರೆಯ ಮೇಲೆ ಬರುತ್ತಿತ್ತು. ಚರ್ಚನ್ನು ದೊಡ್ಡದು ಮಾಡುವಾಗ ಅದು ಹಾಳಾಯಿತು. ಕ್ಯಾಸಿನಿ ಅವರು ಇನ್ನೂ ದೊಡ್ಡ ಗೆರೆ ಹಾಕಿಕೊಡುತ್ತೇನೆ ಅಂದರು. ಕಂಬಗಳು ಅಡ್ಡ ಬರುತ್ತವೆ, ಇದು ಆಗೋ ಕೆಲಸ ಅಲ್ಲ ಅಂತ ಅನೇಕರು ಹೇಳಿದರು. ಕ್ಯಾಸಿನಿ ಅವರು ಲೆಕ್ಕ ಹಾಕಿ, ಕಂಬಗಳ ಮಧ್ಯದಲ್ಲೇ ಗೆರೆ ಹಾಯುವಂತೆ 1655ರಲ್ಲಿ ಹಾಕಿಸಿದರು. ತೂತು ಇರುವುದು ಸುಮಾರು 27 ಮೀಟರ್ ಎತ್ತರದಲ್ಲಿ, ಗೆರೆಯ ಉದ್ದ ಸುಮಾರು 67 ಮೀಟರ್. ಈಗಲೂ ಆ ಗೆರೆ ಅಲ್ಲಿ ಇದೆ.

ನಮ್ಮ ಮನೆಗಳ ಹೆಂಚಿನ ಸಂದಿಯಿಂದ ಬಿಸಿಲು ನೆಲದ ಮೇಲೆ ದುಂಡಗೆ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಆ ದುಂಡು ಬೆಳಕು ಸೂರ್ಯನ ಚಿತ್ರವೇ. ಚರ್ಚಿನಲ್ಲೂ ಅದೇ ಆಗುತ್ತಿತ್ತು. ಕ್ಯಾಸಿನಿ ಅವರು ವರ್ಷವಿಡೀ ಆ ದುಂಡನ್ನು ಅಳೆದರು. ಚಳಿಗಾಲದಲ್ಲಿ ಸೂರ್ಯ ಸ್ವಲ್ಪ ಹತ್ತಿರ, ಬೇಸಿಗೆಯಲ್ಲಿ ಸ್ವಲ್ಪ ದೂರ, ಹತ್ತಿರ ಇದ್ದಾಗ ಅದರ ಓಟವೂ ನಿಜವಾಗಿಯೇ ಜೋರು ಅಂತ ಗೊತ್ತಾಯಿತು. ಕೆಪ್ಲರ್ ಎಂಬ ವಿಜ್ಞಾನಿ ಹಿಂದೆ ಹೇಳಿದ್ದ ನಿಯಮಕ್ಕೆ ಇದರಿಂದ ಒಳ್ಳೆಯ ಬೆಂಬಲ ಸಿಕ್ಕಿತು. ಗೋಡೆ, ತೂತು, ಗೆರೆ ಇಷ್ಟರಿಂದಲೇ ಎಂಥ ದೊಡ್ಡ ಪ್ರಯೋಗ ನೋಡಿ!

ಆಮೇಲೆ ರೋಮ್ ನಗರದ ಕಂಪಾನಿ ಎಂಬ ಕುಶಲಿ ತಯಾರಿಸಿದ ದೂರದರ್ಶಕಗಳು ಕ್ಯಾಸಿನಿ ಅವರ ಕೈಗೆ ಬಂದವು. ಗುರುಗ್ರಹದ ಮೇಲಿನ ಮಚ್ಚೆಗಳನ್ನು ನೋಡಿ, ಅದು ತನ್ನ ಸುತ್ತ ತಾನು 9 ಗಂಟೆ 56 ನಿಮಿಷದಲ್ಲಿ ತಿರುಗುತ್ತದೆ ಅಂತ 1665ರಲ್ಲಿ ಕಂಡುಕೊಂಡರು. ಮಂಗಳಕ್ಕೆ 24 ಗಂಟೆ 40 ನಿಮಿಷ ಬೇಕು ಅಂತ 1666ರಲ್ಲಿ ಹೇಳಿದರು. ಈಗಿನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವ್ಯತ್ಯಾಸ ಒಂದೆರಡು, ಮೂರು ನಿಮಿಷ ಮಾತ್ರ. 1668ರಲ್ಲಿ ಗುರುವಿನ ಚಂದ್ರರಿಗೆ ಯಾವಾಗ ಗ್ರಹಣ ಹಿಡಿಯುತ್ತದೆ ಎಂಬ ಪಟ್ಟಿ ಪ್ರಕಟಿಸಿದರು. ಅದು ಒಂಥರಾ ಗುರುಗ್ರಹದ ಪಂಚಾಂಗ. ಅದರಿಂದ ಅವರ ಹೆಸರು ಯೂರೋಪಿನ ತುಂಬಾ ಹರಡಿತು.

ಪ್ಯಾರಿಸ್ಸಿಗೆ ಕರೆ

ಆಗ ಫ್ರಾನ್ಸ್ ದೇಶವನ್ನು ಹದಿನಾಲ್ಕನೆಯ ಲೂಯಿ ಆಳುತ್ತಿದ್ದ. ಅವನ ಮಂತ್ರಿ ಕೋಲ್ಬೆರ್ ಪ್ಯಾರಿಸ್ಸಿನಲ್ಲಿ ಒಂದು ವೀಕ್ಷಣಾಲಯ ಕಟ್ಟಿಸುತ್ತಿದ್ದ. ಕ್ಯಾಸಿನಿ ಅವರಿಗೆ ಕರೆ ಹೋಯಿತು. ಸ್ವಲ್ಪ ಕಾಲ ಇದ್ದು ಬರೋಣ ಅಂತ ಹೊರಟ ಅವರು 1669ರ ಏಪ್ರಿಲ್ 4ರಂದು ಪ್ಯಾರಿಸ್ ಮುಟ್ಟಿದರು. ಆಮೇಲೆ ಅಲ್ಲೇ ಉಳಿದುಬಿಟ್ಟರು. 1673ರಲ್ಲಿ ಫ್ರಾನ್ಸಿನ ಪ್ರಜೆಯಾದರು, ಅಲ್ಲೇ ಮದುವೆಯೂ ಆದರು.

ಅವರು ಬಂದಾಗ ವೀಕ್ಷಣಾಲಯದ ಕಟ್ಟಡ ಇನ್ನೂ ಮುಗಿದಿರಲಿಲ್ಲ. ನೋಡಲು ಅರಮನೆಯ ಹಾಗಿತ್ತು, ಆದರೆ ಆಕಾಶ ನೋಡಲು ಅನುಕೂಲವಿರಲಿಲ್ಲ. ಬದಲಾಯಿಸಿ ಅಂತ ಕೇಳಿದರೂ ಹೆಚ್ಚೇನೂ ನಡೆಯಲಿಲ್ಲ. 1671ರ ಸೆಪ್ಟೆಂಬರಿನಲ್ಲಿ ಕ್ಯಾಸಿನಿ ಅವರು ಅಲ್ಲೇ ವಾಸಕ್ಕೆ ಬಂದರು. ಇಕ್ಕಟ್ಟಾದರೆ ದೂರದರ್ಶಕವನ್ನು ಅಂಗಳಕ್ಕೆ ತಂದು ಇಟ್ಟುಕೊಂಡು ನೋಡಿದರು. ಕಟ್ಟಡ ಸರಿ ಇಲ್ಲ ಅಂತ ಕೆಲಸ ನಿಲ್ಲಿಸಲಿಲ್ಲ, ಇದನ್ನು ನಾವು ಗಮನಿಸಬೇಕು.

ಹೋಗುವಾಗ ಉಂಟು, ಬರುವಾಗ ಇಲ್ಲ

ಈಗ ಮುಖ್ಯ ಕಥೆಗೆ ಬರೋಣ. 1671ರ ಅಕ್ಟೋಬರ್ 25ರ ರಾತ್ರಿ ಕ್ಯಾಸಿನಿ ಅವರು ಶನಿಯ ಪಶ್ಚಿಮಕ್ಕೆ ಒಂದು ಸಣ್ಣ ಚುಕ್ಕೆಯನ್ನು ಕಂಡರು. ಆ ಹೊತ್ತಿಗೆ ಶನಿಗೆ ಒಂದೇ ಚಂದ್ರ ಅಂತ ತಿಳಿದಿತ್ತು, ಅದು ಹೈಗನ್ಸ್ ಎಂಬ ವಿಜ್ಞಾನಿ 1655ರಲ್ಲಿ ಕಂಡ ಟೈಟಾನ್. ಈ ಹೊಸ ಚುಕ್ಕೆ ಶನಿಯ ಜೊತೆಗೇ ಸಾಗುತ್ತಿತ್ತು. ಆದ್ದರಿಂದ ಇದು ನಕ್ಷತ್ರವಲ್ಲ, ಶನಿಯ ಎರಡನೇ ಚಂದ್ರ ಅಂತ ಅವರು ತೀರ್ಮಾನಿಸಿದರು. ಇದನ್ನೇ ನಾವು ಈಗ ಐಯಾಪೆಟಸ್ ಅಂತ ಕರೆಯುತ್ತೇವೆ.

ಆಮೇಲೆ ಒಂದು ವಿಚಿತ್ರ ನಡೆಯಿತು. ಪಶ್ಚಿಮದಲ್ಲಿ ಕಂಡ ಚಂದ್ರ ಸುತ್ತಿಕೊಂಡು ಪೂರ್ವಕ್ಕೆ ಬರಬೇಕಲ್ಲ? ಬರಲೇ ಇಲ್ಲ! ಹುಡುಕಿ ಹುಡುಕಿ ಸಾಕಾಯಿತು. ಇದ್ದಕ್ಕಿದ್ದಂತೆ ಮತ್ತೆ ಪಶ್ಚಿಮದಲ್ಲಿ ಪ್ರತ್ಯಕ್ಷವಾಯಿತು. ಹೀಗೆಯೇ ಪ್ರತಿ ಸಲ ಆಯಿತು. ಪಶ್ಚಿಮದಲ್ಲಿ ಇರುತ್ತದೆ, ಪೂರ್ವದಲ್ಲಿ ಇರುವುದಿಲ್ಲ. 1672ರ ಡಿಸೆಂಬರಿನಲ್ಲಿ ಶನಿಯ ಸುತ್ತ ಹುಡುಕುತ್ತಿರುವಾಗಲೇ ಅವರಿಗೆ ಇನ್ನೊಂದು ಹೊಸ ಚಂದ್ರ ಸಿಕ್ಕಿತು, ಅದು ರಿಯಾ. ರಿಯಾ ಎರಡೂ ಕಡೆ ಚೆನ್ನಾಗಿ ಕಾಣುತ್ತಿತ್ತು. ಹಾಗಾದರೆ ದೂರದರ್ಶಕದ ದೋಷವಲ್ಲ, ಆ ಮೊದಲನೆಯ ಚಂದ್ರನಲ್ಲೇ ಏನೋ ಇದೆ ಅಂತಾಯಿತು.

ಇಂಥ ಸಂದರ್ಭದಲ್ಲಿ ನಾವಾದರೆ ಏನು ಮಾಡುತ್ತಿದ್ದೆವು? ಕಣ್ಣಿಗೆ ಕಾಣದ್ದು ಇಲ್ಲ ಅಂತ ಬಿಟ್ಟುಬಿಡುತ್ತಿದ್ದೆವೇನೋ. ಕ್ಯಾಸಿನಿ ಅವರು ಬಿಡಲಿಲ್ಲ. ಕೆಲವು ವರ್ಷ ನೋಡಿ ಒಂದು ಊಹೆಗೆ ಬಂದರು. ಆ ಚಂದ್ರನ ಒಂದು ಅರ್ಧ ಬೆಳ್ಳಗಿದೆ, ಇನ್ನೊಂದು ಅರ್ಧ ಕಪ್ಪಗಿದೆ. ನಮ್ಮ ಚಂದ್ರ ಹೇಗೆ ಯಾವಾಗಲೂ ಒಂದೇ ಮುಖವನ್ನು ಭೂಮಿಗೆ ತೋರಿಸುತ್ತಾನೋ ಹಾಗೆ ಅದೂ ಒಂದೇ ಮುಖವನ್ನು ಶನಿಗೆ ತೋರಿಸುತ್ತಾ ಸುತ್ತುತ್ತದೆ. ಆದ್ದರಿಂದ ಒಂದು ಕಡೆ ಇದ್ದಾಗ ನಮಗೆ ಬಿಳಿಯ ಭಾಗ, ಇನ್ನೊಂದು ಕಡೆ ಇದ್ದಾಗ ಕಪ್ಪು ಭಾಗ ಎದುರಾಗುತ್ತದೆ.

ಅರ್ಥವಾಗದಿದ್ದರೆ ಆಟದ ಬಯಲಿನಲ್ಲಿ ಮಾಡಿ ನೋಡಿ. ಒಬ್ಬ ಮಧ್ಯದಲ್ಲಿ ನಿಲ್ಲಲಿ, ಅವನು ಶನಿ. ಇನ್ನೊಬ್ಬ ಮುಖಕ್ಕೆ ಇದ್ದಿಲು ಬಳಿದುಕೊಂಡು, ಬೆನ್ನಿಗೆ ಬಿಳಿ ಟವೆಲ್ ಹಾಕಿಕೊಂಡು ಶನಿಯ ಸುತ್ತ ನಡೆಯಲಿ. ಶನಿ ಅವನ ಎಡಗೈ ಕಡೆಗೇ ಇರಬೇಕು. ನೀವು ದೂರದಲ್ಲಿ ನಿಂತು ನೋಡಿ. ಅವನು ಬಲಗಡೆ ಇದ್ದಾಗ ನಿಮ್ಮಿಂದ ದೂರ ಹೋಗುತ್ತಿರುತ್ತಾನೆ, ಆಗ ಬಿಳಿ ಬೆನ್ನು ಕಾಣುತ್ತದೆ. ಎಡಗಡೆ ಬಂದಾಗ ನಿಮ್ಮ ಕಡೆಗೇ ಬರುತ್ತಿರುತ್ತಾನೆ, ಆಗ ಕಪ್ಪು ಮುಖ ಕಾಣುತ್ತದೆ. ಕತ್ತಲಾದ ಮೇಲೆ ಆಡಿದರೆ ಬರುವಾಗ ಅವನು ಕಾಣುವುದೇ ಇಲ್ಲ! ಐಯಾಪೆಟಸ್ ಮಾಡುವುದೂ ಇದನ್ನೇ.

ಮೂವತ್ತನಾಲ್ಕು ವರ್ಷದ ಕಾಯುವಿಕೆ

ಊಹೆ ಚೆನ್ನಾಗಿತ್ತು. ಆದರೆ ಪುರಾವೆ? ಪೂರ್ವದ ಕಡೆ ಆ ಚಂದ್ರ ಮಂಕಾಗಿಯಾದರೂ ಇದೆ ಅಂತ ತೋರಿಸಬೇಕಿತ್ತು. ಅದಕ್ಕೆ ಬೇಕಾದ ಒಳ್ಳೆಯ ದೂರದರ್ಶಕ ಆಗ ಇರಲಿಲ್ಲ. ಕ್ಯಾಸಿನಿ ಅವರು ನೋಡುತ್ತಲೇ ಇದ್ದರು. ಮಂತ್ರಿ ಕೋಲ್ಬೆರ್ 1683ರಲ್ಲಿ ತೀರಿಕೊಂಡ. ಯುದ್ಧಗಳು ಬಂದವು, ಹಣ ಕಡಿಮೆಯಾಯಿತು. ಕೊನೆಗೆ 1705ರಲ್ಲಿ ಹೆಚ್ಚು ಉತ್ತಮವಾದ ದೂರದರ್ಶಕದಲ್ಲಿ ಅವರು ಐಯಾಪೆಟಸ್ಸನ್ನು ಪೂರ್ವದ ಕಡೆ ಹಿಡಿದರು. ಅದು ಅಲ್ಲೇ ಇತ್ತು, ಬಹಳ ಮಂಕಾಗಿತ್ತು ಅಷ್ಟೆ. ಮೊದಲು ಕಂಡಾಗ ಅವರಿಗೆ 46 ವರ್ಷ. ಈಗ 80. ಒಂದು ಚುಕ್ಕೆಗಾಗಿ 34 ವರ್ಷ!

ಉಳಿದ ಸಾಧನೆಗಳು

ಈ 34 ವರ್ಷ ಅವರು ಬರೀ ಕಾಯುತ್ತಾ ಕೂತಿರಲಿಲ್ಲ. 1672ರಲ್ಲಿ ಮಂಗಳ ಗ್ರಹ ಭೂಮಿಗೆ ಹತ್ತಿರ ಬಂದಿತ್ತು. ಕ್ಯಾಸಿನಿ ಅವರು ಪ್ಯಾರಿಸ್ಸಿನಿಂದ, ರಿಶೇರ್ ಎಂಬ ಸಹೋದ್ಯೋಗಿ ದಕ್ಷಿಣ ಅಮೆರಿಕದ ಕಯೆನ್ನಿನಿಂದ, ಮಂಗಳ ಎಲ್ಲಿ ಕಾಣುತ್ತದೆ ಅಂತ ಅಳೆದರು. ಎರಡು ಕಡೆಯ ಲೆಕ್ಕ ಸೇರಿಸಿ ಸೂರ್ಯ ಸುಮಾರು 14 ಕೋಟಿ ಕಿಲೋಮೀಟರ್ ದೂರ ಅಂತ ಕಂಡುಕೊಂಡರು. ನಿಜವಾದ ದೂರ ಸುಮಾರು 15 ಕೋಟಿ. ಆ ಕಾಲಕ್ಕೆ ಇದು ಬಹಳ ಹತ್ತಿರದ ಉತ್ತರ.

1675ರಲ್ಲಿ ಶನಿಯ ಉಂಗುರ ಒಂದೇ ತಟ್ಟೆಯಲ್ಲ, ಮಧ್ಯೆ ಕಪ್ಪು ಸಂದಿ ಇದೆ ಅಂತ ತೋರಿಸಿದರು. ಅದಕ್ಕೆ ಇಂದಿಗೂ ಕ್ಯಾಸಿನಿ ಸಂದು ಅಂತಲೇ ಹೆಸರು. ಅದರ ಅಗಲ ಸುಮಾರು 4,800 ಕಿಲೋಮೀಟರ್. 1679ರಲ್ಲಿ ನಮ್ಮ ಚಂದ್ರನ ದೊಡ್ಡ ನಕ್ಷೆ ಮಾಡಿಸಿದರು. 1684ರಲ್ಲಿ ಬಹಳ ಉದ್ದದ, ಕೊಳವೆಯೇ ಇಲ್ಲದ ದೂರದರ್ಶಕಗಳಿಂದ ಟೆಥಿಸ್ ಮತ್ತು ಡಯೋನಿ ಎಂಬ ಇನ್ನೆರಡು ಚಂದ್ರರನ್ನು ಕಂಡರು. ಕೊಳವೆ ಇಲ್ಲ ಅಂದರೆ, ಮಸೂರವನ್ನು ಎತ್ತರದಲ್ಲಿ ಕಟ್ಟಿ, ನೋಡುವವರು ಕೆಳಗೆ ದೂರದಲ್ಲಿ ಇನ್ನೊಂದು ಮಸೂರ ಹಿಡಿದು ನಿಲ್ಲುವುದು. ಗಾಳಿ ಬೀಸಿದರೆ ಕಥೆ ಮುಗಿಯಿತು!

ಗುರುವಿನ ಚಂದ್ರರ ಗ್ರಹಣದಿಂದ ಊರುಗಳ ರೇಖಾಂಶ ತಿಳಿಯುವ ವಿಧಾನವನ್ನೂ ಅವರು ಬಳಕೆಗೆ ತಂದರು. ಗ್ರಹಣ ಎಲ್ಲ ಊರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಆ ಕ್ಷಣ ಎರಡು ಊರುಗಳ ಸ್ಥಳೀಯ ಸಮಯದಲ್ಲಿ ಒಂದು ಗಂಟೆ ವ್ಯತ್ಯಾಸ ಇದ್ದರೆ ರೇಖಾಂಶದಲ್ಲಿ 15 ಡಿಗ್ರಿ ವ್ಯತ್ಯಾಸ. ಹೀಗೆ ಅಳೆದಾಗ ಫ್ರಾನ್ಸಿನ ಪಶ್ಚಿಮ ಕರಾವಳಿ ಹಳೆಯ ನಕ್ಷೆಗಿಂತ ಒಳಗೆ ಬಂತು, ದೇಶವೇ ಚಿಕ್ಕದಾಯಿತು. ನನ್ನ ರಾಜ್ಯವನ್ನು ಈ ಪಂಡಿತರು ಕಿತ್ತುಕೊಂಡರಲ್ಲ ಅಂತ ರಾಜ ತಮಾಷೆಗೆ ಬೇಜಾರು ಮಾಡಿಕೊಂಡನಂತೆ.

ನಮ್ಮ ದೇಶಕ್ಕೂ ಅವರಿಗೂ ಒಂದು ನಂಟು ಇದೆ. ಸಯಾಮ್, ಅಂದರೆ ಈಗಿನ ಥಾಯ್ಲೆಂಡ್ ದೇಶಕ್ಕೆ ರಾಯಭಾರಿಯಾಗಿ ಹೋಗಿದ್ದ ಲಾ ಲೂಬೇರ್ ಎಂಬುವರು 1688ರಲ್ಲಿ ಹಿಂತಿರುಗುವಾಗ ಅಲ್ಲಿನ ಪಂಚಾಂಗ ಲೆಕ್ಕದ ಸೂತ್ರಗಳನ್ನು ತಂದರು. ಬರೀ ಗುಣಿಸು, ಭಾಗಿಸು, ಶೇಷ ಉಳಿಸು ಅಂತ ಇತ್ತು, ಯಾಕೆ ಅಂತ ಇರಲಿಲ್ಲ. ಕ್ಯಾಸಿನಿ ಅವರು ಅದನ್ನು ಒಗಟು ಬಿಡಿಸಿದ ಹಾಗೆ ಬಿಡಿಸಿ, ಸೂರ್ಯ ಚಂದ್ರರ ಚಲನೆ ಅದರಲ್ಲಿ ಹೇಗೆ ಅಡಗಿದೆ ಅಂತ ವಿವರಿಸಿದರು. ಆ ಸೂತ್ರಗಳ ಬೇರು ಇದ್ದದ್ದು ಭಾರತದ ಜ್ಯೋತಿಷ ಸಿದ್ಧಾಂತಗಳಲ್ಲಿ.

ತಪ್ಪುಗಳೂ ಇದ್ದವು

ಮಹನೀಯರು ಅಂದರೆ ತಪ್ಪೇ ಮಾಡದವರು ಅಂತ ನಾವು ತಿಳಿಯಬಾರದು. ಗುರುವಿನ ಚಂದ್ರರ ಗ್ರಹಣ ಕೆಲವೊಮ್ಮೆ ತಡವಾಗಿ ಕಾಣುತ್ತಿತ್ತು. ಬೆಳಕು ಬರಲು ಸಮಯ ಹಿಡಿಯುತ್ತದೇನೋ ಅಂತ ಕ್ಯಾಸಿನಿ ಅವರಿಗೇ ಮೊದಲು ಹೊಳೆದಿತ್ತು. ಆದರೆ ಆ ಯೋಚನೆಯನ್ನು ಕೈಬಿಟ್ಟರು. ಅದೇ ವೀಕ್ಷಣಾಲಯದ ರೋಮರ್ ಎಂಬ ತರುಣ 1676ರಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದಾಗ ಒಪ್ಪಲಿಲ್ಲ. ರೋಮರ್ ಹೇಳಿದ್ದೇ ಸರಿಯಾಗಿತ್ತು.

ಭೂಮಿ ಧ್ರುವಗಳ ಕಡೆ ನಿಂಬೆಹಣ್ಣಿನಂತೆ ಉದ್ದವಾಗಿದೆ ಅಂತ ಅವರೂ ಅವರ ಮಗನೂ ನಂಬಿದ್ದರು. ಅವರು ಸತ್ತ ಮೇಲೆ ಲ್ಯಾಪ್‌ಲ್ಯಾಂಡಿಗೂ ಪೆರು ದೇಶಕ್ಕೂ ತಂಡಗಳು ಹೋಗಿ ಅಳೆದಾಗ ಭೂಮಿ ಧ್ರುವಗಳಲ್ಲಿ ಚಪ್ಪಟೆ ಅಂತ ಸಾಬೀತಾಯಿತು. ಇನ್ನೊಂದು ಸಲ ಶುಕ್ರಗ್ರಹದ ಪಕ್ಕ ಚಂದ್ರನನ್ನು ಕಂಡೆ ಅಂತ ಹೇಳಿದ್ದರು. ಶುಕ್ರನಿಗೆ ಚಂದ್ರನೇ ಇಲ್ಲ! ನೋಡಿ, ಎಂಥ ವಿಚಿತ್ರ. ಕಣ್ಣಿಗೆ ಕಂಡ ಶುಕ್ರನ ಚಂದ್ರ ಸುಳ್ಳಾಯಿತು, ಕಣ್ಣಿಗೆ ಕಾಣದ ಐಯಾಪೆಟಸ್ ನಿಜವಾಯಿತು. ಶುಕ್ರನ ಚಂದ್ರ ಮತ್ತೆ ಮತ್ತೆ ನೋಡಿದಾಗ ನಿಲ್ಲಲಿಲ್ಲ, ಐಯಾಪೆಟಸ್ ಮಾತ್ರ ಪ್ರತಿ ಸುತ್ತಿಗೂ ಒಂದೇ ರೀತಿ ನಡೆದುಕೊಂಡಿತು. ವ್ಯತ್ಯಾಸ ಇರುವುದು ಅಲ್ಲಿಯೇ.

ಕೊನೆಯ ದಿನಗಳು

ಜೀವಮಾನವೆಲ್ಲ ಕಣ್ಣಿಗೆ ಕೆಲಸ ಕೊಟ್ಟ ಕ್ಯಾಸಿನಿ ಅವರು ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡರು. ಪೂರ್ತಿ ಕುರುಡರಾಗಿ 1712ರ ಸೆಪ್ಟೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಆಗ ಅವರಿಗೆ 87 ವರ್ಷ. ಮಗ ಜಾಕ್, ಮೊಮ್ಮಗ, ಮರಿಮಗ ಎಲ್ಲರೂ ಅದೇ ವೀಕ್ಷಣಾಲಯವನ್ನು ನೋಡಿಕೊಂಡರು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ, 1793ರಲ್ಲಿ, ಆ ನಾಲ್ಕು ತಲೆಮಾರಿನ ಸೇವೆ ಮುಗಿಯಿತು.

ಆದರೆ ಐಯಾಪೆಟಸ್ಸಿನ ಪ್ರಶ್ನೆ ಉಳಿದೇ ಇತ್ತು. ಒಂದು ಅರ್ಧ ಯಾಕೆ ಕಪ್ಪು? ಭೂಮಿಯ ಮೇಲೆ ನಿಂತು ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಅದು ಚುಕ್ಕೆಯೇ. ಅದಕ್ಕೆ ಹತ್ತಿರ ಹೋಗಿಯೇ ನೋಡಬೇಕಿತ್ತು.

ನೌಕೆ ತೆಗೆದ ಚಿತ್ರಗಳು

1980 ಮತ್ತು 1981ರಲ್ಲಿ ಅಮೆರಿಕದ ಎರಡು ವಾಯೇಜರ್ ನೌಕೆಗಳು ಶನಿಯ ಪಕ್ಕ ಹಾದುಹೋದವು. ಅವು ದೂರದಿಂದ ತೆಗೆದ ಚಿತ್ರದಲ್ಲೂ ಐಯಾಪೆಟಸ್ ಅರ್ಧ ಕಪ್ಪು, ಅರ್ಧ ಬಿಳಿ ಅಂತ ಸ್ಪಷ್ಟವಾಯಿತು. ಆಮೇಲೆ ಅಮೆರಿಕ, ಯೂರೋಪ್ ಮತ್ತು ಇಟಲಿಯ ಬಾಹ್ಯಾಕಾಶ ಸಂಸ್ಥೆಗಳು ಸೇರಿ ಕ್ಯಾಸಿನಿ ನೌಕೆಯನ್ನು ಕಟ್ಟಿದವು. ಅದು 1997ರ ಅಕ್ಟೋಬರ್ 15ರಂದು ಹೊರಟಿತು. ಶುಕ್ರ, ಭೂಮಿ, ಗುರು ಇವುಗಳ ಸೆಳೆತದಿಂದ ವೇಗ ಪಡೆಯುತ್ತಾ ಸುಮಾರು 350 ಕೋಟಿ ಕಿಲೋಮೀಟರ್ ಸಾಗಿ 2004ರಲ್ಲಿ ಶನಿಯನ್ನು ಸೇರಿತು.

ಅಷ್ಟು ದೂರದಿಂದ ಚಿತ್ರ ಹೇಗೆ ಬರುತ್ತದೆ? ನಮ್ಮ ಅಮ್ಮಂದಿರು ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಾರಲ್ಲ, ಹಾಗೆಯೇ. ನೌಕೆಯ ಕ್ಯಾಮರಾ ಒಂದು ಚಿತ್ರವನ್ನು ಅಡ್ಡಕ್ಕೆ 1,024, ಉದ್ದಕ್ಕೆ 1,024 ಚುಕ್ಕಿಗಳಾಗಿ ಮಾಡುತ್ತಿತ್ತು. ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ. ಪ್ರತಿ ಚುಕ್ಕಿಗೂ ಎಷ್ಟು ಬೆಳಕು ಎಂಬುದಕ್ಕೆ ಒಂದು ಅಂಕಿ. ಆ ಅಂಕಿಗಳು ರೇಡಿಯೋ ಅಲೆಯ ಮೂಲಕ ಭೂಮಿಗೆ ಬರುತ್ತಿದ್ದವು. ಬೆಳಕಿನ ವೇಗದಲ್ಲಿ ಬಂದರೂ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. (ರೋಮರ್ ನೆನಪಾದರೇ?) ಇಲ್ಲಿ ಅಂಕಿಗಳನ್ನು ಮತ್ತೆ ಚುಕ್ಕಿಗಳಾಗಿ ಜೋಡಿಸಿದರೆ ಚಿತ್ರ ಸಿದ್ಧ.

ಐಯಾಪೆಟಸ್ ಶನಿಯಿಂದ ಸುಮಾರು 35 ಲಕ್ಷ 60 ಸಾವಿರ ಕಿಲೋಮೀಟರ್ ದೂರದಲ್ಲಿದೆ. ಒಂದು ಸುತ್ತಿಗೆ 79 ದಿನ. ಅದರ ಅಡ್ಡಳತೆ ಸುಮಾರು 1,470 ಕಿಲೋಮೀಟರ್, ನಮ್ಮ ಚಂದ್ರನ ಅರ್ಧಕ್ಕಿಂತ ಕಡಿಮೆ. ಅದರ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಅಂದರೆ ಅದು ಬಹುಪಾಲು ಮಂಜುಗಡ್ಡೆ, ಸ್ವಲ್ಪ ಮಾತ್ರ ಕಲ್ಲು. ನೌಕೆ 2004ರ ಡಿಸೆಂಬರ್ 31ರಂದು ಅದರ ಬಳಿ ಒಮ್ಮೆ ಹಾದುಹೋಯಿತು. 2007ರ ಸೆಪ್ಟೆಂಬರ್ 10ರಂದು ಬಹಳ ಹತ್ತಿರ, ಸುಮಾರು 1,640 ಕಿಲೋಮೀಟರ್ ಮೇಲಿನಿಂದ ಹಾದುಹೋಯಿತು.

ಕಪ್ಪು ಬಿಳುಪಿನ ಗುಟ್ಟು

ಚಿತ್ರಗಳಲ್ಲಿ ಕಂಡದ್ದು ಇದು. ಚಂದ್ರ ಸಾಗುವಾಗ ಮುಂದಿರುವ ಮುಖ ಡಾಂಬರಿನಷ್ಟು ಕಪ್ಪು. ಆ ಪ್ರದೇಶಕ್ಕೆ ಕ್ಯಾಸಿನಿ ರೀಜಿಯೋ ಅಂತ ಹೆಸರು ಇಟ್ಟಿದ್ದಾರೆ. ಹಿಂದಿನ ಮುಖವೂ ಧ್ರುವಗಳೂ ಬೆಳ್ಳಗಿನ ಮಂಜು. ಕಪ್ಪು ಭಾಗದಲ್ಲಿ ಉಲ್ಕೆ ಬಿದ್ದು ಆದ ಸಣ್ಣ ಸಣ್ಣ ಹೊಸ ಕುಳಿಗಳು ಬಿಳಿ ಚುಕ್ಕಿಯ ಹಾಗೆ ಹೊಳೆಯುತ್ತಿದ್ದವು. ಇದರಿಂದ ಏನು ತಿಳಿಯಿತು? ಕಪ್ಪು ಪದರ ಬಹಳ ತೆಳು, ಒಂದು ಅಡಿಯಷ್ಟೇ ಇರಬಹುದು. ಕೆಳಗೆಲ್ಲ ಮಂಜುಗಡ್ಡೆಯೇ. ಕರಿ ಹಲಗೆಯನ್ನು ಮೊಳೆಯಿಂದ ಗೀರಿದರೆ ಒಳಗಿನ ಮರ ಕಾಣುವ ಹಾಗೆ.

ಆ ಕಪ್ಪು ಎಲ್ಲಿಂದ ಬಂತು? ಐಯಾಪೆಟಸ್ಸಿಗಿಂತ ಆಚೆ ಫೀಬಿ ಎಂಬ ಕಪ್ಪು ಚಂದ್ರ ಇದೆ. ಅದು ಶನಿಯನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಅದರಿಂದ ಎದ್ದ ಧೂಳಿನ ಬಹು ದೊಡ್ಡ ಉಂಗುರವನ್ನು ಸ್ಪಿಟ್ಜರ್ ಎಂಬ ದೂರದರ್ಶಕ 2009ರಲ್ಲಿ ಕಂಡಿತು. ಆ ಧೂಳು ಒಳಕ್ಕೆ ಬರುತ್ತಾ ಐಯಾಪೆಟಸ್ಸಿಗೆ ಎದುರಿನಿಂದ ಬಡಿಯುತ್ತದೆ. ಸಂಜೆ ಹೊತ್ತು ಸೈಕಲ್ಲಿನಲ್ಲಿ ಹೋದರೆ ಹುಳ ಮುಖಕ್ಕೆ ಬಡಿಯುತ್ತವೆ, ಬೆನ್ನಿಗೆ ಬಡಿಯುವುದಿಲ್ಲ, ಅಲ್ವಾ? ಹಾಗೆಯೇ.

ಆದರೆ ಧೂಳೊಂದರಿಂದಲೇ ಅಷ್ಟು ಕಪ್ಪಾಗುವುದಿಲ್ಲ. ಇಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಬೇಸಿಗೆ ಮಧ್ಯಾಹ್ನ ಬರಿಗಾಲಲ್ಲಿ ಡಾಂಬರು ರಸ್ತೆಯಲ್ಲಿ ನಡೆದವರಿಗೆ ಗೊತ್ತು, ಕಪ್ಪು ಬಣ್ಣ ಹೆಚ್ಚು ಬಿಸಿಲು ಹೀರುತ್ತದೆ. ಐಯಾಪೆಟಸ್ಸಿನಲ್ಲಿ ಬಹಳ ನಿಧಾನಕ್ಕೆ ಹೊತ್ತು ಏರುತ್ತದೆ, ಹಗಲೇ ಸುಮಾರು 40 ದಿನ. ಕಪ್ಪು ಭಾಗದಲ್ಲಿ ಮಧ್ಯಾಹ್ನ ಸುಮಾರು ಮೈನಸ್ 144 ಡಿಗ್ರಿ, ಬಿಳಿ ಭಾಗದಲ್ಲಿ ಮೈನಸ್ 160 ಡಿಗ್ರಿ ಸೆಲ್ಸಿಯಸ್. ನಮಗೆ ಎರಡೂ ಭಯಂಕರ ಚಳಿಯೇ. ಆದರೆ ಮಂಜಿಗೆ ಆ 16 ಡಿಗ್ರಿ ಸಾಕು. ಡಬ್ಬಿಯಲ್ಲಿಟ್ಟ ಕರ್ಪೂರ ನೀರಾಗದೆ ಹಾಗೇ ಆವಿಯಾಗಿ ಸಣ್ಣದಾಗುತ್ತದಲ್ಲ, ಕಪ್ಪು ಭಾಗದ ಮಂಜು ಹಾಗೆ ಆವಿಯಾಗುತ್ತದೆ. ಆ ಆವಿ ಹಾರಿ ತಂಪಾದ ಬಿಳಿ ಭಾಗದಲ್ಲಿ ಕೂತು ಮತ್ತೆ ಮಂಜಾಗುತ್ತದೆ. ಇತ್ತ ಮಂಜಿನೊಳಗಿದ್ದ ಕೊಳೆ ಮಾತ್ರ ಉಳಿದು ಕಪ್ಪು ಇನ್ನೂ ಕಪ್ಪಾಗುತ್ತದೆ. ಕಪ್ಪಾದಷ್ಟೂ ಬಿಸಿ, ಬಿಸಿಯಾದಷ್ಟೂ ಕಪ್ಪು. ಸಾಲದ ಮೇಲೆ ಚಕ್ರಬಡ್ಡಿ ಏರಿದ ಹಾಗೆ. ಈ ವಿವರಣೆಯನ್ನು ನೌಕೆಯ ಚಿತ್ರಗಳನ್ನೂ ತಾಪಮಾನದ ಅಳತೆಗಳನ್ನೂ ಇಟ್ಟುಕೊಂಡು ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. 1671ರಲ್ಲಿ ಹುಟ್ಟಿದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು.

ಸೊಂಟಕ್ಕೆ ಬೆಟ್ಟದ ಪಟ್ಟಿ

ಕ್ಯಾಸಿನಿ ಅವರು ಕನಸಿನಲ್ಲೂ ಎಣಿಸದ ಇನ್ನೊಂದು ಸಂಗತಿಯೂ ಚಿತ್ರದಲ್ಲಿ ಕಂಡಿತು. ಐಯಾಪೆಟಸ್ಸಿನ ಸಮಭಾಜಕದ ಮೇಲೆ ಸರಿಯಾಗಿ ಒಂದು ಬೆಟ್ಟಸಾಲು ಇದೆ, ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ. ಅದರ ಉದ್ದ ಸುಮಾರು 1,300 ಕಿಲೋಮೀಟರ್. ಕೆಲವು ಕಡೆ 20 ಕಿಲೋಮೀಟರ್ ಎತ್ತರ, ಎವರೆಸ್ಟಿನ ಎರಡರಷ್ಟಕ್ಕಿಂತ ಹೆಚ್ಚು! ಅದರ ಮೈಮೇಲೆ ಕುಳಿಗಳು ತುಂಬಿರುವುದರಿಂದ ಅದು ಬಹಳ ಹಳೆಯದು ಅಂತ ತಿಳಿಯುತ್ತದೆ. ಹಳೆಯ ರಸ್ತೆಯಲ್ಲಿ ಗುಂಡಿ ಜಾಸ್ತಿ ಇರುವಂತೆ, ಹಳೆಯ ನೆಲದಲ್ಲಿ ಕುಳಿ ಜಾಸ್ತಿ. ಅದು ಹೇಗೆ ಎದ್ದಿತು ಎಂಬುದರಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಒಳಗಿನಿಂದ ಉಬ್ಬಿ ಬಂತು ಅಂತ ಕೆಲವರು, ಹಿಂದೆ ಅದಕ್ಕೂ ಒಂದು ಉಂಗುರ ಇದ್ದು ಅದು ಕುಸಿದು ಬಿತ್ತು ಅಂತ ಕೆಲವರು ಹೇಳುತ್ತಾರೆ. ಕ್ಯಾಸಿನಿ ಅವರು ಬಿಟ್ಟ ಪ್ರಶ್ನೆ ಬಗೆಹರಿಯಿತು, ಅದರ ಜಾಗಕ್ಕೆ ಹೊಸ ಪ್ರಶ್ನೆ ಬಂದು ಕೂತಿತು.

ನೌಕೆ 13 ವರ್ಷ ಶನಿಯನ್ನು ಸುತ್ತಿತು. ಇಂಧನ ಮುಗಿಯುತ್ತಾ ಬಂದಾಗ, ಅದು ನೀರಿರುವ ಚಂದ್ರರ ಮೇಲೆ ಬಿದ್ದು ಅವನ್ನು ಕೆಡಿಸಬಾರದು ಅಂತ, 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯೊಳಗೇ ಬೀಳಿಸಿದರು. ಕ್ಯಾಸಿನಿ ಅವರು ತೀರಿಕೊಂಡು 305 ವರ್ಷ, ಒಂದು ದಿನ ಆಗಿತ್ತು. ಬೀಳುವ ಕೊನೆಯ ನಿಮಿಷದವರೆಗೂ ಅದು ಅಳತೆಗಳನ್ನು ಕಳಿಸುತ್ತಲೇ ಇತ್ತು.

ನಾವು ಕಲಿಯಬೇಕಾದದ್ದು

ಶನಿಗೆ ಕ್ಯಾಸಿನಿ ಅವರ ಕಾಲದಲ್ಲಿ ಐದು ಚಂದ್ರರು ಗೊತ್ತಿದ್ದರು. 2025ರ ಹೊತ್ತಿಗೆ ಲೆಕ್ಕ 274ಕ್ಕೆ ಏರಿತು. ಚಂದ್ರರನ್ನು ಎಣಿಸುವುದು ಮುಂದುವರಿಯುತ್ತದೆ. ಆದರೆ ಕ್ಯಾಸಿನಿ ಅವರಿಂದ ಕಲಿಯಬೇಕಾದದ್ದು ಎಣಿಕೆಯಲ್ಲ. ಒಂದು ವಸ್ತು ಕಾಣಲಿಲ್ಲ ಎಂಬುದನ್ನೂ ಅವರು ಕಂಡದ್ದರಷ್ಟೇ ಶ್ರದ್ಧೆಯಿಂದ ಬರೆದಿಟ್ಟರು. ಇಂದು ಕಾಣಲಿಲ್ಲ, ಇಂದೂ ಕಾಣಲಿಲ್ಲ ಅಂತ ಬರೆದಿಟ್ಟ ಆ ಸಾಲುಗಳಿಂದಲೇ ಅರ್ಧ ಕಪ್ಪು ಚಂದ್ರ ಹುಟ್ಟಿತು. ನಮ್ಮ ಪ್ರಯೋಗದ ಪುಸ್ತಕದಲ್ಲಿ ಉತ್ತರ ಬರದಿದ್ದರೆ ಪಕ್ಕದವರದ್ದು ನೋಡಿ ಬರೆಯುವ ಬದಲು, ಬರಲಿಲ್ಲ ಅಂತಲೇ ಬರೆದು ಯಾಕೆ ಅಂತ ಯೋಚಿಸಿದರೆ ನಾವೂ ಅವರ ದಾರಿಯಲ್ಲಿ ನಡೆದ ಹಾಗೆ.

 ಕೆಳಗಿನ ಪ್ರಶ್ನೆಗಳಿಗೆ ಉತ್ತರ ಯೋಚಿಸಿ, ಗೆಳೆಯರ ಜೊತೆ ಚರ್ಚಿಸಿ.

1. ನಮ್ಮ ಚಂದ್ರನ ಮುಂದಿನ ಮುಖವೂ ಹೀಗೆ ಕಪ್ಪಾಗಿದ್ದರೆ ಯಾವ ಯಾವ ದಿನ ಅವನು ಮಂಕಾಗಿ ಕಾಣುತ್ತಿದ್ದ?

2. ಐಯಾಪೆಟಸ್ ನಮ್ಮ ಭೂಮಿಯಂತೆ 24 ಗಂಟೆಗೆ ಒಮ್ಮೆ ತಿರುಗುತ್ತಿದ್ದರೆ ಅದರ ಒಂದು ಅರ್ಧ ಮಾತ್ರ ಕಪ್ಪಾಗುತ್ತಿತ್ತೇ?

3. ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ದುಂಡನ್ನು ಒಂದು ತಿಂಗಳು ಮಧ್ಯಾಹ್ನ ಒಂದೇ ಹೊತ್ತಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಅದು ಯಾವ ಕಡೆ ಸರಿಯಿತು?